ಟಿವಿಯ ವೇಷ ಕಳಚುವುದು ಹೇಗೆ: ಕೊಡಗಿನ ಮನೆಗಳಿಗೆ ಎಚ್‌ಡಿ ಚಿತ್ರದ ಸಮಗ್ರ ಮಾರ್ಗದರ್ಶಿ

ನಾಪೋಕ್ಲು ಬಳಿ ಇರುವ ನಮ್ಮ ಚಿಕ್ಕಪ್ಪ ಹುತ್ತರಿಗೆ ಮುಂಚೆ 55 ಇಂಚಿನ ಟಿವಿ ತಂದರು. ವಾರ ಕಳೆಯುವುದರೊಳಗೆ ಅವರಿಂದ ಫೋನ್ ಬಂತು. "ಇದಕ್ಕಿಂತ ಹಳೆಯ ಡಬ್ಬಾ ಟಿವಿಯೇ ವಾಸಿ ಮಾರಾಯ. ವಾರ್ತೆ ಓದುವವರ ಮುಖಕ್ಕೆ ಕುಂಕುಮ ಬಳಿದ ಹಾಗಿದೆ, ಅಕ್ಷರಗಳ ಸುತ್ತ ಬಿಳಿ ಗೆರೆ. ವಾಪಸ್ ಕೊಟ್ಟುಬಿಡುತ್ತೇನೆ" ಎಂದರು.

ಹೋಗಿ ನೋಡಿದೆ. ಟಿವಿ ಚೆನ್ನಾಗಿಯೇ ಇತ್ತು. ಹತ್ತು ವರ್ಷ ಹಳೆಯ ಸೆಟ್‌ಟಾಪ್ ಬಾಕ್ಸಿನಿಂದ ಹಳದಿ, ಕೆಂಪು, ಬಿಳಿ ಪಿನ್ನಿನ ವೈರು ಅದಕ್ಕೆ ಬಂದಿತ್ತು. ಟಿವಿ 'ವಿವಿಡ್' ಎಂಬ ಮೋಡ್‌ನಲ್ಲಿ ಓಡುತ್ತಿತ್ತು. ಅದರ ಮೇಲೆ ಇದ್ದಬದ್ದ 'ಸುಧಾರಣೆ'ಗಳೆಲ್ಲ ಆನ್ ಆಗಿದ್ದವು. ಅಂಗಡಿಯ ಟ್ಯೂಬ್‌ಲೈಟುಗಳ ಕೆಳಗೆ ಹತ್ತು ಟಿವಿಗಳ ನಡುವೆ ಗಿರಾಕಿಯ ಕಣ್ಣು ಸೆಳೆಯಬೇಕಾದ ಯಂತ್ರ ಅದು. ವೇಷ ಹಾಕಿಕೊಂಡೇ ಮನೆಗೆ ಬರುತ್ತದೆ, ನಾವು ಕಳಚುವುದಿಲ್ಲ. ಒಳ್ಳೆಯ ಚಿತ್ರ ಬೇಕೆಂದರೆ ಸೇರಿಸಬೇಕಾದದ್ದು ಬಹಳ ಕಡಿಮೆ, ತೆಗೆಯಬೇಕಾದದ್ದೇ ಹೆಚ್ಚು.

ಆ ಸಂಜೆ ಮಾಡಿದ ಕೆಲಸವನ್ನು ಅದೇ ಕ್ರಮದಲ್ಲಿ ಕೆಳಗೆ ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ. ಬರುವ ಚಿತ್ರವೇ ಮಸುಕಾಗಿದ್ದರೆ ರಿಮೋಟ್ ಹಿಡಿದು ಒಂದು ಗಂಟೆ ತಡಕಾಡಿದರೂ ಪ್ರಯೋಜನವಿಲ್ಲ.

ಹಂತ 1: ಒಳಗೆ ಬರುತ್ತಿರುವುದು ಎಚ್‌ಡಿಯೇ ಎಂದು ನೋಡಿ

ಸಾಮಾನ್ಯ ಚಾನೆಲ್ಲಿನ ಚಿತ್ರದಲ್ಲಿ ಹೆಚ್ಚೆಂದರೆ 720 × 576, ಅಂದರೆ 4,14,720 ಚುಕ್ಕೆಗಳಿರುತ್ತವೆ. ಪೂರ್ಣ ಎಚ್‌ಡಿ ಎಂದರೆ 1920 × 1080, ಅಂದರೆ 20,73,600 ಚುಕ್ಕೆ, ಸರಿಯಾಗಿ ಐದು ಪಟ್ಟು. 4ಕೆ ಟಿವಿಯ ಪರದೆಯಲ್ಲಿ ಅದರ ನಾಲ್ಕು ಪಟ್ಟು, 82,94,400. ಸಾಮಾನ್ಯ ಚಾನೆಲ್ಲನ್ನು 4ಕೆ ಟಿವಿಯಲ್ಲಿ ಹಾಕಿದರೆ ಒಂದು ಚುಕ್ಕೆಯ ಮಾಹಿತಿಯನ್ನು ಇಪ್ಪತ್ತು ಚುಕ್ಕೆಗಳಿಗೆ ಹಂಚಬೇಕಾಗುತ್ತದೆ. ಒಬ್ಬರಿಗೆ ಸಾಕಾಗುವ ಡಿಕಾಕ್ಷನ್ನನ್ನು ಇಪ್ಪತ್ತು ಲೋಟಕ್ಕೆ ಸುರಿದ ಹಾಗೆ. ಚಿಕ್ಕಪ್ಪನ ಹಳೆಯ ಡಬ್ಬಾ ಟಿವಿಯಲ್ಲಿ ಅದೇ ಚಾನೆಲ್ ಚೆಂದ ಕಾಣುತ್ತಿದ್ದದ್ದು ಇದೇ ಕಾರಣಕ್ಕೆ. ಆ ಪರದೆ ಚಿಕ್ಕದಾಗಿತ್ತು, ಕೊರತೆ ಕಾಣುತ್ತಿರಲಿಲ್ಲ.

ಆದ್ದರಿಂದ ಮೂರು ಪ್ರಶ್ನೆ ಕೇಳಿಕೊಳ್ಳಿ. ಬಾಕ್ಸ್ ಎಚ್‌ಡಿ ಬಾಕ್ಸೇ? ಚಂದಾದಲ್ಲಿ ಎಚ್‌ಡಿ ಚಾನೆಲ್ ಸೇರಿದೆಯೇ? ಸೇರಿದ್ದರೂ ನೀವು ಅಭ್ಯಾಸಬಲದಿಂದ ಹಳೆಯ ಸಂಖ್ಯೆಯನ್ನೇ ಒತ್ತುತ್ತಿದ್ದೀರಾ? ಮೂರನೆಯದು ನಗು ತರಿಸಬಹುದು. ಆದರೆ ಎಚ್‌ಡಿಗೆ ಹಣ ಕಟ್ಟಿ ಸಾಮಾನ್ಯ ಚಾನೆಲ್ ನೋಡುತ್ತಿರುವ ಮನೆಗಳು ನಮ್ಮ ಊರಿನಲ್ಲೇ ಎರಡು ಇವೆ. ಒಂದೇ ಚಾನೆಲ್ಲಿನ ಎರಡು ರೂಪಗಳಿಗೆ ಎರಡು ಬೇರೆ ಸಂಖ್ಯೆಗಳಿರುತ್ತವೆ.

ಹಂತ 2: ಡಿಶ್ ಮತ್ತು ಮರ

ಆಂಟೆನಾ ತಿರುಗಿಸುತ್ತ "ಬಂತಾ? ಬಂತಾ?" ಎಂದು ಹಂಚಿನ ಮೇಲಿನಿಂದ ಕೂಗುತ್ತಿದ್ದ ಕಾಲ ನೆನಪಿರುವವರು ಒಂದು ವಿಷಯ ತಿಳಿದುಕೊಳ್ಳಬೇಕು. ಆಗ ಸಿಗ್ನಲ್ ಹೆಚ್ಚಿದಷ್ಟೂ ಚಿತ್ರ ಸ್ವಚ್ಛವಾಗುತ್ತಿತ್ತು. ಡಿಜಿಟಲ್ ಪ್ರಸಾರದಲ್ಲಿ ಹಾಗಿಲ್ಲ. ಸಿಗ್ನಲ್ ಸಾಕಷ್ಟಿದ್ದರೆ ಚಿತ್ರ ಪೂರ್ತಿ ಬರುತ್ತದೆ. ಕೊರತೆಯಾದರೆ ಚೌಕಚೌಕವಾಗಿ ಒಡೆದು ನಿಲ್ಲುತ್ತದೆ. ಡಿಶ್ ಅಲುಗಾಡಿಸಿದರೆ ಬಣ್ಣ ಗಾಢವಾಗುವುದಿಲ್ಲ, ಅಂಚು ಚೂಪಾಗುವುದಿಲ್ಲ. ಚಿತ್ರ ಒಡೆಯುತ್ತಿಲ್ಲವೆಂದರೆ ಡಿಶ್‌ನ ತಂಟೆಗೇ ಹೋಗಬೇಡಿ.

ಒಡೆಯುತ್ತಿದ್ದರೆ ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಪುಟ ತೆರೆಯಿರಿ. ಅಲ್ಲಿ 'ಸ್ಟ್ರೆಂತ್', 'ಕ್ವಾಲಿಟಿ' ಎಂದು ಎರಡು ಅಳತೆಗಳಿರುತ್ತವೆ. ನೋಡಬೇಕಾದದ್ದು ಕ್ವಾಲಿಟಿ. ಬಿಸಿಲಿರುವ ದಿನವೇ ಅದು ಅಂಚಿನಲ್ಲಿ ತೂಗುತ್ತಿದ್ದರೆ ಜುಲೈನಲ್ಲಿ ಟಿವಿ ನೋಡುವ ಆಸೆ ಬಿಡಬೇಕು. ಉಪಗ್ರಹದಿಂದ ಮನೆಗೆ ಬರುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಮಳೆಹನಿಗಳು ಅದನ್ನು ಹೀರುತ್ತವೆ, ಚದುರಿಸುತ್ತವೆ. ಕಕ್ಕಡ ಮಾಸದ ಮಳೆ ಜಡಿಯುವಾಗ ಎಂಥ ಡಿಶ್ ಆದರೂ ಸ್ವಲ್ಪ ಹೊತ್ತು ಸೋಲುತ್ತದೆ. ನಮ್ಮ ಕೈಲಾಗುವುದು ಒಣ ದಿನದಲ್ಲಿ ಆದಷ್ಟು ಹೆಚ್ಚು ಕ್ವಾಲಿಟಿ ಕೂಡಿಟ್ಟುಕೊಂಡು ಸೋಲುವ ಹೊತ್ತನ್ನು ಕಡಿಮೆ ಮಾಡುವುದು.

ಕೊಡಗಿನಲ್ಲಿ ಮಳೆಗಿಂತ ದೊಡ್ಡ ಶತ್ರು ಮರ. ಡಿಶ್ ಹಾಕಿಸಿದಾಗ ಆಳೆತ್ತರವಿದ್ದ ಸಿಲ್ವರ್ ಓಕ್ ನಾಲ್ಕೈದು ವರ್ಷದಲ್ಲಿ ಮಾಡು ದಾಟಿರುತ್ತದೆ. ಯಾವ ಮರ ಅಡ್ಡ ಎಂದು ಗುರುತಿಸುವಲ್ಲಿ ಎಲ್ಲರೂ ಎಡವುತ್ತಾರೆ. ಡಿಶ್‌ನ ಮುಖ ನೋಡಿದರೆ ಅದು ದೂರದ ಬೆಟ್ಟದ ಕಡೆ ನೋಡುತ್ತಿರುವಂತೆ ತೋರುತ್ತದೆ. ಆದರೆ ಈ ಡಿಶ್‌ಗಳ ವಿನ್ಯಾಸವೇ ಓರೆ. ಮುಖ ತೋರಿಸುವುದಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಿನಿಂದ ಅದು ಅಲೆಯನ್ನು ಹಿಡಿಯುತ್ತದೆ. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಕೊಡಗಿನಿಂದ ನೋಡಿದರೆ ಅದು ಆಗ್ನೇಯಕ್ಕೆ, ನೆಲದಿಂದ ಸುಮಾರು 65 ಡಿಗ್ರಿ ಎತ್ತರದಲ್ಲಿ ಇರುತ್ತದೆ. ಹೆಚ್ಚುಕಡಿಮೆ ತಲೆ ಎತ್ತಿ ನೋಡಬೇಕಾದ ಎತ್ತರ ಅದು. ಹಾಗಾಗಿ ಗದ್ದೆಯಾಚೆಯ ಮರ ಕಡಿಸಿ ಪ್ರಯೋಜನವಿಲ್ಲ. ಮನೆಗೆ ಅಂಟಿಕೊಂಡು, ಮಾಡಿನ ಮೇಲೆ ಬಾಗಿರುವ ಕೊಂಬೆಯೇ ಕಳ್ಳ. ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಮರಕಪಾತು ಮಾಡಿಸುವಾಗ ಅದನ್ನೂ ಸೇರಿಸಿ. ಒದ್ದೆ ಎಲೆ ಒಣ ಎಲೆಗಿಂತ ಹೆಚ್ಚು ತಡೆಯುತ್ತದೆ. "ಬೇಸಿಗೆಯಲ್ಲಿ ಬರುತ್ತಿತ್ತಲ್ಲ" ಎಂಬ ವಾದದ ಗುಟ್ಟು ಇಷ್ಟೇ.

ಡಿಶ್‌ನ ತುದಿಯಲ್ಲಿ ಅಲೆ ಹಿಡಿಯುವ ಎಲ್‌ಎನ್‌ಬಿ ಎಂಬ ಡಬ್ಬಿಗೆ ವೈರು ಸೇರುವ ತಿರುಪನ್ನೂ ನೋಡಿ. ಒಳಗೆ ಹಸಿರು ಕಿಲುಬು ಕಟ್ಟಿದ್ದರೆ ವೈರಿನ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಬೇಕು, ಮೇಲೆ ರಬ್ಬರ್ ತೊಡಿಸಬೇಕು. ವೈರು ಗೋಡೆಯೊಳಗೆ ಹೋಗುವ ಮುಂಚೆ ಒಂದು ಬಳಸು ಕೆಳಕ್ಕೆ ಇಳಿದು ಮತ್ತೆ ಮೇಲೇರಲಿ. ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಬರುವುದಿಲ್ಲ. ಇನ್ನೊಂದು ಮಾತು: ಪಾಚಿ ಹಿಡಿದ ಹಂಚಿನ ಮೇಲೆ ನೀವೇ ಹತ್ತಬೇಡಿ. ಚಿತ್ರಕ್ಕಾಗಿ ಸೊಂಟ ಮುರಿದುಕೊಂಡವರನ್ನು ಕಂಡಿದ್ದೇನೆ.

ಹಂತ 3: ವೈರು ಮತ್ತು ಬಾಕ್ಸಿನ ಮೆನು

ಹಳದಿ ಪಿನ್ನಿನ ವೈರು ಎಚ್‌ಡಿ ಚಿತ್ರವನ್ನು ಹೊರಲಾರದು. ಬಾಕ್ಸ್ ಎಚ್‌ಡಿ, ಟಿವಿ ಎಚ್‌ಡಿ, ನಡುವಿನ ವೈರು ಮಾತ್ರ ಹಳೆಯದು ಎಂಬಂಥ ಮನೆಗಳು ಬೇಕಾದಷ್ಟಿವೆ. ಎಚ್‌ಡಿಎಂಐ ವೈರು ಹಾಕಿ. ಒಂದೆರಡು ಮೀಟರಿನ ಸಾಧಾರಣ ವೈರು ಸಾಕು. ಚಿನ್ನದ ಲೇಪದ ದುಬಾರಿ ವೈರಿನಿಂದ ಚಿತ್ರ ಮಿನುಗುತ್ತದೆ ಎನ್ನುವ ಮಾರಾಟಗಾರನ ಮಾತಿಗೆ ನಕ್ಕು ಬನ್ನಿ. ಡಿಜಿಟಲ್ ವೈರು ದತ್ತಾಂಶವನ್ನು ಮುಟ್ಟಿಸುತ್ತದೆ, ಇಲ್ಲವೇ ಮುಟ್ಟಿಸುವುದಿಲ್ಲ. ಬಣ್ಣಕ್ಕೆ ಹೊಳಪು ಬಳಿಯುವ ಶಕ್ತಿ ಅದಕ್ಕಿಲ್ಲ. 4ಕೆ ಪೆಟ್ಟಿಗೆಗಳಿಗೆ ಮಾತ್ರ ಸೆಕೆಂಡಿಗೆ 18 ಗಿಗಾಬಿಟ್ ಹೊರುವ 'ಪ್ರೀಮಿಯಂ ಹೈ ಸ್ಪೀಡ್' ವೈರು ನೋಡಿಕೊಳ್ಳಿ.

ವೈರು ಬದಲಿಸಿದ ಮೇಲೆ ಬಾಕ್ಸಿನ ಸೆಟ್ಟಿಂಗ್‌ಗೆ ಹೋಗಿ, ಔಟ್‌ಪುಟ್ 576 ಎಂದಿದ್ದರೆ 1080 ಮಾಡಿ, ಆಕಾರವನ್ನು 16:9ಕ್ಕೆ ಇಡಿ. ಆಮೇಲೆ ಟಿವಿಯ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್' ಅಥವಾ 'ಫಿಟ್ ಟು ಸ್ಕ್ರೀನ್' ಅಥವಾ ಅದೇ ಅರ್ಥದ ಆಯ್ಕೆಯನ್ನು ಹುಡುಕಿ ಆನ್ ಮಾಡಿ. ಇಲ್ಲದಿದ್ದರೆ ಕೆಲವು ಟಿವಿಗಳು ಹಳೆಯ ಕಾಲದ ಅಭ್ಯಾಸದಂತೆ ಚಿತ್ರದ ನಾಲ್ಕು ಅಂಚನ್ನೂ ಕತ್ತರಿಸಿ, ಉಳಿದದ್ದನ್ನು ಎಳೆದು ಪರದೆ ತುಂಬಿಸುತ್ತವೆ. ಎಳೆದಾಗ ಚುಕ್ಕೆಗೆ ಚುಕ್ಕೆ ಹೊಂದದೆ ಇಡೀ ಚಿತ್ರ ತುಸು ಮಬ್ಬಾಗುತ್ತದೆ.

ಹಳೆಯ ಚಿತ್ರಗಳು ಬೇರೆ ಕಥೆ. 1980ರ ಮಾಸ್ಕೋ ಒಲಿಂಪಿಕ್ಸ್ ಹಾಕಿ ಫೈನಲ್ ನಮ್ಮವರಿಗೆ ಎಷ್ಟು ನೋಡಿದರೂ ಸಾಲದು. ಸ್ಪೇನ್ ವಿರುದ್ಧ ಚಿನ್ನ ಗೆದ್ದ ಆ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಪಂದ್ಯದ ಫಲಿತಾಂಶ 4-3, ಆ ಕಾಲದ ಟಿವಿ ಚಿತ್ರದ ಆಕಾರವೂ 4:3. ಅದನ್ನು ಅಗಲಕ್ಕೆ ಎಳೆದರೆ ಆಟಗಾರರೆಲ್ಲ ಕುಳ್ಳಗೆ, ದಪ್ಪಗೆ ಆಗಿಬಿಡುತ್ತಾರೆ. ಎರಡು ಬದಿ ಕಪ್ಪು ಪಟ್ಟಿ ಉಳಿದರೆ ಉಳಿಯಲಿ.

ಹಂತ 4: ಟಿವಿ ಎಲ್ಲಿ, ನಾವು ಎಲ್ಲಿ

ಟಿವಿಯ ಇಂಚನ್ನು ನಾಲ್ಕರಿಂದ ಗುಣಿಸಿದರೆ ಕೂರಬೇಕಾದ ದೂರ ಸೆಂಟಿಮೀಟರಿನಲ್ಲಿ ಸಿಗುತ್ತದೆ. 43 ಇಂಚಿಗೆ 172 ಸೆಂ.ಮೀ., ಅಂದರೆ ಆರು ಅಡಿಗೆ ತುಸು ಕಡಿಮೆ. 55 ಇಂಚಿಗೆ 220 ಸೆಂ.ಮೀ., ಏಳಡಿ ದಾಟುತ್ತದೆ. ಎಚ್‌ಡಿಯ ಸೂಕ್ಷ್ಮ ಕಾಣುವುದು ಇಷ್ಟು ಹತ್ತಿರ ಕೂತರೆ. ಹದಿನೈದು ಅಡಿ ದೂರದ ಗೋಡೆಗೊರಗಿ ಕೂತವರಿಗೆ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಕಾಣುವುದಿಲ್ಲ. ಹೆಚ್ಚಾಗಿ ಸಾಮಾನ್ಯ ಚಾನೆಲ್ಲನ್ನೇ ನೋಡುವವರು ಇನ್ನಷ್ಟು ಹಿಂದೆ ಸರಿಯುವುದು ಒಳ್ಳೆಯದು.

ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ ಬರಬೇಕು. ಮಡಿಕೇರಿಯ ಹಳೆಯ ಬಂಗಲೆಗಳಲ್ಲಿ ಅಗ್ಗಿಷ್ಟಿಕೆಯ ಮೇಲೆ ಟಿವಿ ಏರಿಸುವ ಖಯಾಲಿ ಇದೆ. ಕತ್ತು ನೋಯುತ್ತದೆ, ಕೆಳಗಿನಿಂದ ನೋಡಿದಾಗ ಬಣ್ಣ ಸಪ್ಪೆಯಾಗುತ್ತದೆ, ಚಳಿಗಾಲದಲ್ಲಿ ಬೆಂಕಿ ಹಾಕಿದರೆ ಶಾಖವೂ ಮಸಿಯೂ ಟಿವಿಯೊಳಗೆ ಹೋಗುತ್ತವೆ. ಬೇಡ.

ಕಿಟಕಿಯ ಎದುರೂ ಬೇಡ, ಕಿಟಕಿಗೆ ಬೆನ್ನು ಮಾಡಿಯೂ ಬೇಡ, ಪಕ್ಕದ ಗೋಡೆ ಒಳ್ಳೆಯದು. ಐನ್‌ಮನೆಗಳಲ್ಲಿ ನೆಲ್ಲಕ್ಕಿ ನಡುಬಾಡೆಯ, ಅಂದರೆ ನಡುಮನೆಯ, ಪವಿತ್ರ ತೂಗುದೀಪ ಪರದೆಯಲ್ಲಿ ಪ್ರತಿಫಲಿಸುವುದುಂಟು. ಆ ದೀಪ ಸರಿಸುವ ಮಾತೇ ಇಲ್ಲ, ಟಿವಿಯೇ ಸರಿಯಬೇಕು. ರಾತ್ರಿ ಎಲ್ಲ ದೀಪ ಆರಿಸಿ ಕತ್ತಲಲ್ಲಿ ನೋಡುವುದಕ್ಕಿಂತ ಟಿವಿಯ ಹಿಂದೆ ಒಂದು ಸಣ್ಣ ಬಿಳಿ ದೀಪ ಉರಿಸಿ ನೋಡಿ. ಕಣ್ಣಿಗೆ ಆಯಾಸ ಕಡಿಮೆ, ಪರದೆಯ ಕಪ್ಪು ಇನ್ನಷ್ಟು ಕಪ್ಪಾಗಿ ತೋರುತ್ತದೆ.

ಹಂತ 5: ವೇಷ ಕಳಚುವುದು

ಈಗ ರಿಮೋಟ್ ಕೈಗೆತ್ತಿಕೊಳ್ಳಿ. ಸಂಜೆ, ನೀವು ದಿನಾ ನೋಡುವ ಹೊತ್ತಿನಲ್ಲಿ, ದಿನಾ ಇರುವ ಬೆಳಕಿನಲ್ಲೇ ಈ ಕೆಲಸ ಮಾಡಿ.

ಮೊದಲು 'ಪಿಕ್ಚರ್ ಮೋಡ್' ಅನ್ನು 'ಸಿನಿಮಾ', 'ಮೂವಿ' ಅಥವಾ 'ಫಿಲ್ಮ್‌ಮೇಕರ್' ಎಂಬುದಕ್ಕೆ ಬದಲಿಸಿ. ತಕ್ಷಣ ಮನೆಮಂದಿಯೆಲ್ಲ "ಹಳದಿಯಾಯಿತು, ಹಾಳಾಯಿತು" ಎನ್ನುತ್ತಾರೆ. ಇಷ್ಟು ದಿನ ನೀವು ನೋಡಿದ್ದು ನೀಲಿ ಬೆರೆತ ಬಿಳಿ. ಸಿನಿಮಾ ಮತ್ತು ಟಿವಿ ಕಾರ್ಯಕ್ರಮ ತಯಾರಿಸುವವರು ಬಿಳಿಯೆಂದು ಇಟ್ಟುಕೊಂಡಿರುವುದು ಸುಮಾರು 6500 ಕೆಲ್ವಿನ್ ಬಣ್ಣವನ್ನು. ಈ ಮೋಡ್ ಅದಕ್ಕೆ ಹತ್ತಿರ. ಒಂದು ವಾರ ಹಾಗೇ ಬಿಟ್ಟು, ಆಮೇಲೆ ಹಳೆಯ ಮೋಡ್‌ಗೆ ಒಮ್ಮೆ ಹೋಗಿ ನೋಡಿ. ಕಣ್ಣು ತಾನೇ ತೀರ್ಪು ಹೇಳುತ್ತದೆ. ವಾರದ ಗಡುವು ಕೊಡದೆ ಚಿಕ್ಕಪ್ಪನೂ ಒಪ್ಪುತ್ತಿರಲಿಲ್ಲ.

ಎರಡನೆಯದಾಗಿ 'ಎನರ್ಜಿ ಸೇವಿಂಗ್' ಮತ್ತು ಕೋಣೆಯ ಬೆಳಕು ನೋಡಿ ತಾನೇ ಬದಲಾಗುವ ಸೆನ್ಸರನ್ನು ಆಫ್ ಮಾಡಿ. ಇಲ್ಲದಿದ್ದರೆ ಹೊರಗೆ ಮೋಡ ಕವಿದಾಗಲೆಲ್ಲ ಟಿವಿಯೂ ಮಂಕಾಗುತ್ತದೆ, ನೀವು ಇಟ್ಟ ಲೆಕ್ಕವೆಲ್ಲ ತಪ್ಪುತ್ತದೆ.

ಇನ್ನು ಕಪ್ಪು, ಬಿಳುಪು. ಇದಕ್ಕೆ ಪರೀಕ್ಷೆಯ ಚಿತ್ರಗಳು ಸಿಗುತ್ತವೆ. ಆದರೆ ಕೊಡವರ ಮನೆಯಲ್ಲಿ ಅದಕ್ಕಿಂತ ಒಳ್ಳೆಯದು ಕಪಾಟಿನಲ್ಲೇ ಇರುತ್ತದೆ: ಮದುವೆಯ ವಿಡಿಯೊ. ಕಪ್ಪು ಕುಪ್ಯ (ಕೊಡವರ ಉದ್ದನೆಯ ನಿಲುವಂಗಿ) ತೊಟ್ಟ ನೆಂಟರು, ಬಿಳಿ ಕುಪ್ಯ ತೊಟ್ಟ ಮದುಮಗ, ಸೊಂಟಕ್ಕೆ ಸುತ್ತಿದ ಕೆಂಪು ಚೇಲೆ, ಪೀಚೆಕತ್ತಿಯ ಬೆಳ್ಳಿ. ಕಪ್ಪಿನಿಂದ ಬಿಳುಪಿನವರೆಗೆ ಎಲ್ಲವೂ ಒಂದೇ ಚೌಕಟ್ಟಿನಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಬಂದ ತುಣುಕು ಬೇಡ, ವಿಡಿಯೊದವರು ಕೊಟ್ಟ ಮೂಲ ಫೈಲನ್ನೇ ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿ.

ಕಪ್ಪು ಕುಪ್ಯದ ಮೇಲೆ ಚಿತ್ರ ನಿಲ್ಲಿಸಿ. 'ಬ್ರೈಟ್‌ನೆಸ್' ಎಂಬ ಹೆಸರು ಮೋಸದ್ದು. ಹಲವು ಟಿವಿಗಳಲ್ಲಿ ಅದು ಬದಲಿಸುವುದು ಬೆಳಕನ್ನಲ್ಲ, ಕಪ್ಪಿನ ಮಟ್ಟವನ್ನು. ಸೋನಿಯಲ್ಲಿ ಅದೇ ಕೆಲಸಕ್ಕೆ 'ಬ್ಲ್ಯಾಕ್ ಲೆವೆಲ್', ಈಚಿನ ಸ್ಯಾಮ್‌ಸಂಗ್‌ಗಳಲ್ಲಿ 'ಶ್ಯಾಡೋ ಡೀಟೇಲ್' ಎಂಬ ಹೆಸರಿದೆ. ಆ ಟಿವಿಗಳಲ್ಲಿ ಬ್ರೈಟ್‌ನೆಸ್ ಎಂದರೆ ನಿಜವಾಗಿಯೂ ಬೆಳಕು. ನಿಮ್ಮದರಲ್ಲಿ ಯಾವುದೋ ನೋಡಿಕೊಂಡು, ಕುಪ್ಯ ಒಂದೇ ಕಪ್ಪು ಮುದ್ದೆಯಾಗುವವರೆಗೆ ಇಳಿಸಿ. ಆಮೇಲೆ ಮಡಿಕೆಗಳು ಮೆಲ್ಲಗೆ ಕಾಣತೊಡಗುವವರೆಗೆ ಏರಿಸಿ, ಅಲ್ಲೇ ನಿಲ್ಲಿಸಿ. ಇನ್ನೂ ಏರಿಸಿದರೆ ಕುಪ್ಯ ಬೂದಿ ಬಣ್ಣಕ್ಕೆ ತಿರುಗುತ್ತದೆ, ಚಿತ್ರದ ಮೇಲೆ ಮಂಜು ಮುಸುಕಿದ ಹಾಗಾಗುತ್ತದೆ. ಮಂಜು ಮಡಿಕೇರಿಯಲ್ಲೇ ಬೇಕಾದಷ್ಟಿದೆ.

ಮದುಮಗನ ಬಿಳಿ ಕುಪ್ಯಕ್ಕೆ ಬನ್ನಿ. 'ಕಾಂಟ್ರಾಸ್ಟ್' ಏರಿಸುತ್ತ ಹೋದರೆ ಒಂದು ಹಂತದಲ್ಲಿ ಗುಂಡಿ, ನೆರಿಗೆ ಎಲ್ಲ ಬಿಳುಪಿನಲ್ಲಿ ಕರಗುತ್ತವೆ. ಅದಕ್ಕೆ ಮುಂಚೆ ನಿಲ್ಲಿಸಿ. ಬಳಿಕ ಮತ್ತೊಮ್ಮೆ ಕಪ್ಪನ್ನು ನೋಡಿ, ಎರಡೂ ಒಂದನ್ನೊಂದು ತುಸು ಎಳೆದಾಡುತ್ತವೆ. ಕೋಣೆಗೆ ತಕ್ಕ ಬೆಳಕನ್ನು ಕೊಡುವುದು 'ಬ್ಯಾಕ್‌ಲೈಟ್'. ಹಗಲಿಗೆ ಹೆಚ್ಚು, ರಾತ್ರಿಗೆ ಕಡಿಮೆ, ಇದೊಂದನ್ನು ಮಾತ್ರ ಮನಸ್ಸಿಗೆ ಬಂದಂತೆ ಬದಲಿಸಬಹುದು.

ಬಣ್ಣಕ್ಕೆ ಮಾತ್ರ ಮದುವೆಯ ವಿಡಿಯೊ ನಂಬಬೇಡಿ. ಎಡಿಟಿಂಗ್‌ನಲ್ಲಿ ಕೆನ್ನೆಗೆ ಗುಲಾಬಿ, ಆಕಾಶಕ್ಕೆ ನೀಲಿ ಬಳಿದಿರುತ್ತಾರೆ. ಸಿನಿಮಾ ಮೋಡ್‌ನಲ್ಲಿ 'ಕಲರ್', 'ಟಿಂಟ್' ಮೊದಲೇ ಸರಿಯಾದ ಜಾಗದಲ್ಲಿರುತ್ತವೆ, ಮುಟ್ಟದಿರುವುದೇ ಜಾಣತನ. ಅನುಮಾನವಿದ್ದರೆ ನಿಮ್ಮ ಕಣ್ಣಿಗೆ ದಿನಾ ಬೀಳುವ ವಸ್ತು ನೋಡಿ. ಹಣ್ಣಾದ ಕಾಫಿಯ ಕೆಂಪಿನಲ್ಲಿ ಕಪ್ಪು ಛಾಯೆ ಇರುತ್ತದೆ. ಟಿವಿಯಲ್ಲಿ ಅದು ಕೆಂಡದಂತೆ ಉರಿಯುತ್ತಿದ್ದರೆ ಬಣ್ಣ ಹೆಚ್ಚಾಗಿದೆ.

'ಶಾರ್ಪ್‌ನೆಸ್' ಚಿಕ್ಕಪ್ಪನ ಟಿವಿಯ ಮುಖ್ಯ ರೋಗ. ಅದು ಇಲ್ಲದ ವಿವರವನ್ನು ತರುವುದಿಲ್ಲ, ಇರುವ ಅಂಚಿನ ಸುತ್ತ ಬಿಳಿ ಗೆರೆ ಎಳೆದು ಚೂಪಾದಂತೆ ನಂಬಿಸುತ್ತದೆ, ಅಷ್ಟೆ. ಪರದೆಯ ಮೇಲೆ ಅಕ್ಷರಗಳಿರುವ ಚಿತ್ರ ನಿಲ್ಲಿಸಿ, ಹತ್ತಿರ ಹೋಗಿ, ಆ ಬಿಳಿ ನೆರಳು ಮಾಯವಾಗುವವರೆಗೆ ಇಳಿಸಿ. ಹಲವು ಟಿವಿಗಳಲ್ಲಿ ಸೊನ್ನೆಯ ಹತ್ತಿರ ಬರಬೇಕಾಗುತ್ತದೆ, ಸೋನಿಯಲ್ಲಿ ನಡುವಿನ 50 ಎಂದರೆ ಏನೂ ಮಾಡಿಲ್ಲ ಎಂದರ್ಥ. 'ನಾಯ್ಸ್ ರಿಡಕ್ಷನ್' ಎಚ್‌ಡಿಗೆ ಆಫ್ ಇರಲಿ, ಚರ್ಮದ ನಯ ಹೋಗಿ ಮೇಣದ ಗೊಂಬೆಯಂತೆ ಕಾಣಿಸುವುದು ಅದರಿಂದಲೇ. ಸಾಮಾನ್ಯ ಚಾನೆಲ್ಲಿಗೆ 'ಲೋ' ಇಡಬಹುದು. 'ಡೈನಮಿಕ್ ಕಾಂಟ್ರಾಸ್ಟ್', 'ಕಲರ್ ಎನ್‌ಹ್ಯಾನ್ಸರ್' ಎಂಬ ಜಾತಿಯ ಎಲ್ಲವನ್ನೂ ಯೋಚಿಸದೆ ಆಫ್ ಮಾಡಿ.

ಹಂತ 6: ಹಾಕಿ ನೋಡುವವರಿಗೆ

ಕೊಡಗಿನಲ್ಲಿ ಈ ಹಂತವನ್ನು ಬಿಡುವ ಹಾಗಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಿಂದ ಒಲಿಂಪಿಕ್ಸ್‌ವರೆಗೆ ನಾವು ಟಿವಿ ಮುಂದೆ ಕೂರುವುದೇ ಚೆಂಡಿಗಾಗಿ. ಆ ಚೆಂಡೇ ಕಾಣದಿದ್ದರೆ? 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೈದಾನ ನೀಲಿ, ಚೆಂಡು ಹಳದಿ ಆಯಿತು. ಚೆಂಡು ಕಣ್ಣಿಗೆ ಬೀಳಲಿ ಎಂದು ಅಲ್ಲಿ ಅಷ್ಟು ಮಾಡಿದರೆ, ನಮ್ಮ ಟಿವಿ ಅದನ್ನು ನುಂಗುತ್ತದೆ.

ನುಂಗುವುದು 'ಮೋಷನ್' ಎಂಬ ಸವಲತ್ತು. ಎಲ್‌ಜಿಯಲ್ಲಿ 'ಟ್ರೂಮೋಷನ್', ಸೋನಿಯಲ್ಲಿ 'ಮೋಷನ್‌ಫ್ಲೋ', ಸ್ಯಾಮ್‌ಸಂಗ್‌ನಲ್ಲಿ 'ಆಟೋ ಮೋಷನ್ ಪ್ಲಸ್' ಅಥವಾ 'ಪಿಕ್ಚರ್ ಕ್ಲಾರಿಟಿ' ಎಂಬ ಹೆಸರು. ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರವೊಂದನ್ನು ಊಹಿಸಿ ತುಂಬುವುದು ಅದರ ಕೆಲಸ. ನಿಧಾನವಾಗಿ ನಡೆಯುವ ಮನುಷ್ಯನನ್ನು ಅದು ಸರಿಯಾಗಿ ಊಹಿಸುತ್ತದೆ. ಸ್ಟಿಕ್ಕುಗಳ ಸಂದಿಯಲ್ಲಿ ನುಗ್ಗುವ ಸಣ್ಣ ಚೆಂಡನ್ನು ಊಹಿಸಲಾರದೆ ಒಮ್ಮೆ ಅಳಿಸುತ್ತದೆ, ಒಮ್ಮೆ ಬಾಲ ಅಂಟಿಸುತ್ತದೆ. ಆಫ್ ಮಾಡಿ. ಸೆಕೆಂಡಿಗೆ 24 ಚಿತ್ರಗಳ ಸಿನಿಮಾಗಳೂ ಆಗ ಧಾರಾವಾಹಿಯಂತೆ ಜಾರುವುದು ಬಿಟ್ಟು ಸಿನಿಮಾದಂತೆ ಕಾಣುತ್ತವೆ. ಕ್ಯಾಮೆರಾ ಪಕ್ಕಕ್ಕೆ ಓಡುವಾಗ ತೀರಾ ಕುಲುಕಿದಂತೆ ಅನಿಸಿದರೆ ಅತಿ ಕಡಿಮೆ ಮಟ್ಟಕ್ಕೆ ಇಡಿ, ಅದಕ್ಕಿಂತ ಮೇಲೆ ಬೇಡ.

ಹಂತ 7: ಇಂಟರ್ನೆಟ್ಟಿನಿಂದ ನೋಡುವುದಾದರೆ

ಎಚ್‌ಡಿಗೆ ಸೆಕೆಂಡಿಗೆ 5 ಮೆಗಾಬಿಟ್ ವೇಗ, 4ಕೆಗೆ 15ರಿಂದ 25 ಮೆಗಾಬಿಟ್ ಸ್ಥಿರವಾಗಿ ಸಿಗಬೇಕು. ವೇಗವನ್ನು ಮೊಬೈಲಿನಲ್ಲಲ್ಲ, ಟಿವಿಯ ಜಾಗದಲ್ಲೇ ಅಳೆಯಿರಿ. ಹಳೆಯ ಮನೆಗಳ ಎರಡಡಿ ದಪ್ಪದ ಮಣ್ಣಿನ ಗೋಡೆ ವೈಫೈಯನ್ನು, ಅದರಲ್ಲೂ 5 ಗಿಗಾಹರ್ಟ್ಜ್‌ನದನ್ನು, ಚೆನ್ನಾಗಿ ತಡೆಯುತ್ತದೆ. ರೂಟರಿನಿಂದ ಟಿವಿಗೆ ನೇರ ಲ್ಯಾನ್ ವೈರು ಎಳೆಸಿದರೆ ಜಗಳವೇ ಮುಗಿಯಿತು. ಆ್ಯಪ್‌ನೊಳಗೆ 'ಡೇಟಾ ಸೇವರ್' ಆನ್ ಇದೆಯೇ, ನಿಮ್ಮ ಚಂದಾಕ್ಕೆ ಎಚ್‌ಡಿ ಇದೆಯೇ ಎಂದೂ ನೋಡಿ.

ಹಂತ 8: ಸಿಡಿಲು, ತೇವ

ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಕೈಮುಗಿದು ಕಾಯುವವರು ನಾವು. ಅದರ ಜೊತೆ ಬರುವ ಗುಡುಗಿಗೆ ಟಿವಿಗಳು ಬಲಿಯಾಗುತ್ತವೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಡಿಶ್‌ನ ವೈರನ್ನೂ ಬಾಕ್ಸಿನಿಂದ ಬಿಚ್ಚಿ, ಲ್ಯಾನ್ ವೈರನ್ನೂ ಕೀಳಿ. ಮಾಡಿನ ಮೇಲಿನ ಲೋಹದ ತಟ್ಟೆಯಿಂದ ಬರುವ ವೈರು ಕರೆಂಟಿನ ವೈರಿಗಿಂತ ಸಾಧುವೇನಲ್ಲ. ಈ ಕೆಲಸವನ್ನು ಮೋಡ ಕಟ್ಟಿದಾಗಲೇ ಮುಗಿಸಬೇಕು, ಸಿಡಿಲು ಹೊಡೆಯತೊಡಗಿದ ಮೇಲೆ ವೈರು ಮುಟ್ಟಬಾರದು.

ವೋಲ್ಟೇಜ್ ಇಳಿದರೆ ಚಿತ್ರ ಕುಗ್ಗುತ್ತಿದ್ದದ್ದು ಹಳೆಯ ಟಿವಿಗಳ ಕಥೆ. ಈಗಿನವುಗಳ ಹಿಂಬದಿಯ ಚೀಟಿಯಲ್ಲಿ 100–240 ವೋಲ್ಟ್ ಎಂದು ಬರೆದಿದ್ದರೆ ಅಷ್ಟರೊಳಗಿನ ಏರಿಳಿತ ಚಿತ್ರವನ್ನು ಬದಲಿಸುವುದಿಲ್ಲ. ಕರೆಂಟು ಹೋಗಿ ಬರುವ ಗಳಿಗೆಯ ಏಟಿಗೆ ಮಾತ್ರ ಒಂದು ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್ ಇರಲಿ.

ಮಳೆಗಾಲದ ಮೂರು ತಿಂಗಳು ಟಿವಿಯನ್ನು ಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಗಾಳಿ ಆಡಲಿ. ದಿನಾ ಒಂದು ಗಂಟೆ ಓಡಿಸಿದರೆ ಒಳಗಿನ ಶಾಖಕ್ಕೆ ತೇವ ಆರುತ್ತದೆ. ಪರದೆಯನ್ನು ಆರಿಸಿ, ತಣ್ಣಗಾದ ಮೇಲೆ, ಮೆತ್ತಗಿನ ಒಣ ಬಟ್ಟೆಯಿಂದ ಒರೆಸಿ. ಕಿಟಕಿಯ ಗಾಜಿಗೆ ಸಿಂಪಡಿಸುವ ದ್ರಾವಣ ಟಿವಿಯ ಪರದೆಗಲ್ಲ. ಅದರ ಲೇಪ ಒಮ್ಮೆ ಎದ್ದರೆ ಮತ್ತೆ ಕೂರಿಸಲಾಗದು.

ಹಂತ 9: ಬರೆದಿಡಿ

ಒಂದೊಂದು ಎಚ್‌ಡಿಎಂಐ ಕಿಂಡಿಗೂ, ಒಂದೊಂದು ಆ್ಯಪ್‌ಗೂ ಟಿವಿ ಬೇರೆಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುವುದುಂಟು. ಬಾಕ್ಸಿಗೆ ಮಾಡಿದ್ದನ್ನು ಪೆನ್‌ಡ್ರೈವ್‌ಗೂ ಆ್ಯಪ್‌ಗೂ ಮತ್ತೆ ಮಾಡಬೇಕಾಗಬಹುದು. 'ಅಪ್ಲೈ ಟು ಆಲ್' ಎಂಬ ಆಯ್ಕೆ ಸಿಕ್ಕರೆ ಕೆಲಸ ಹಗುರ. ಎಲ್ಲ ಮುಗಿದ ಮೇಲೆ ಪ್ರತಿ ಪುಟದ ಫೋಟೊ ತೆಗೆದಿಡಿ. ಸಾಫ್ಟ್‌ವೇರ್ ಹೊಸದಾದಾಗ ಕೆಲವೊಮ್ಮೆ ಎಲ್ಲವೂ ಮೊದಲಿನಂತೆ ವೇಷ ಹಾಕಿಕೊಂಡು ನಿಲ್ಲುತ್ತವೆ.

ಚಿಕ್ಕಪ್ಪ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಸಿ, ತೋಟದ ಆಳುಗಳ ಹಾಜರಿ ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿಕೊಂಡಿದ್ದಾರೆ. ರಜೆಗೆ ಬಂದ ಮೊಮ್ಮಗ ರಿಮೋಟ್ ಒತ್ತಿ 'ವಿವಿಡ್' ಮಾಡಿ ಹೋದಾಗಲೆಲ್ಲ ಕನ್ನಡಕ ಏರಿಸಿ, ಆ ಪುಸ್ತಕ ತೆರೆದು, ಒಂದೊಂದಾಗಿ ಮತ್ತೆ ಇಳಿಸುತ್ತಾರೆ.